ಚಳಿಗಾಲದ ಮಳೆಯೂ ಹಿತ್ತಿಲ ಹಕ್ಕಿಗಳೂ

ನಮ್ಮ ಬೆಂಗಳೂರಿನ ಚಳಿಗಾಲದ ಮಳೆಯು ಮಲೆನಾಡಿನ ಮುಂಗಾರಿನಂತೆ ಆರ್ಭಟಿಸಿ ಬರುವಂಥದಲ್ಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದು ತಮಿಳುನಾಡಿನ ಕರಾವಳಿಯನ್ನು ತಾಕಿತೆಂದರೆ, ಇಲ್ಲಿ ಎರಡು ಮೂರು ದಿನ ಸೂರ್ಯದರ್ಶನವಿಲ್ಲದೆ ಜಿನುಗುಮಳೆಯೂ ಕೊರೆಯುವ ಗಾಳಿಯೂ ಹಿಡಿದುಕೊಳ್ಳುವುವು. 2022ರ ಡಿಸೆಂಬರಿನಲ್ಲಿ ಮಾಂಡೂಸ್, 2024ರ ನವೆಂಬರ್ ಕಡೆಯಲ್ಲಿ ಫೆಂಗಲ್ ಬಂದಾಗ ಇದನ್ನೇ ಕಂಡೆವು. ಅಂಥ ದಿನಗಳಲ್ಲಿ ತಾಯಂದಿರು ಮಕ್ಕಳನ್ನು ಹೊರಗೆ ಬಿಡದಿರುವುದು ಯುಕ್ತವೇ ಸರಿ. ಆದರೆ ಕಿಟಕಿಯ ಪರದೆಯನ್ನೂ ಎಳೆದು, ಮಗುವಿನ ಕೈಗೊಂದು ಮೊಬೈಲನ್ನು ಕೊಟ್ಟುಬಿಡುವುದಕ್ಕೆ ನನ್ನ ಸಮ್ಮತಿಯಿಲ್ಲ. ತರಗತಿಯಲ್ಲಿ ಕಿಟಕಿಯಾಚೆ ನೋಡುವ ಹುಡುಗಿಯನ್ನು ಗದರಿಸುವ ಉಪಾಧ್ಯಾಯಿನಿಯರೂ ಉಂಟು. ಅವಳು ನೋಡುತ್ತಿರುವುದೇನೆಂದು ವಿಚಾರಿಸುವವರು ವಿರಳ.

ನೋಡತಕ್ಕದ್ದು ಬಹಳವಿದೆ. ಬಿಸಿಲಿನ ದಿನ ಆಕಾಶದಲ್ಲಿ ರೆಕ್ಕೆ ಬಡಿಯದೆ ತೇಲುವ ಹದ್ದು, ಅಂದು ತೆಂಗಿನ ಗರಿಯ ಮೇಲೆ ನೆನೆದ ಕಂಬಳಿಯಂತೆ ಮುದುಡಿ ಕುಳಿತಿರುವುದು. ಬಿಸಿಲಿಗೆ ಕಾದು ಮೇಲೇಳುವ ಗಾಳಿಯೇ ಅದಕ್ಕೆ ಏಣಿ. ಬಿಸಿಲಿಲ್ಲವಾದರೆ ಏಣಿಯೂ ಇಲ್ಲ. ದಾಸವಾಳದ ಎಲೆಯ ಮರೆಯಲ್ಲಿರುವ ಸೂರಕ್ಕಿಯು ಹತ್ತು ಗ್ರಾಂ ಸಹ ತೂಗದು. ಅದು ಗರಿಗಳನ್ನು ಉಬ್ಬಿಸಿಕೊಂಡು ಹತ್ತಿಯ ಉಂಡೆಯಂತಾಗುವುದು. ಗರಿಗಳ ನಡುವೆ ಸಿಕ್ಕಿದ ಗಾಳಿಯೇ ಅದರ ರಜಾಯಿ. ಇಷ್ಟು ಸಣ್ಣ ದೇಹವು ಬಹುಹೊತ್ತು ಹಸಿದಿರಲಾರದು. ಆದುದರಿಂದ ಮಳೆ ಕೊಂಚ ತಗ್ಗಿದೊಡನೆ ಹೂವಿನಿಂದ ಹೂವಿಗೆ ಹಾರುತ್ತ, ಎಲೆಯಡಿಯ ಜೇಡಗಳನ್ನು ಹುಡುಕುವುದು. ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆಂದು ಬಂದ ಉಲಿಯಕ್ಕಿಯೂ ಬೂದು ಸಿಪಿಲೆಯೂ ಇದೇ ಹಿತ್ತಿಲಿನ ಅತಿಥಿಗಳು. “ಇವು ನೆನೆಯುವುದಿಲ್ಲವೇ ಮೇಡಂ?” ಎಂದು ಕೇಳುವ ಹುಡುಗಿಗೆ, ಬಾಲದ ಬುಡದ ಗ್ರಂಥಿಯ ಜಿಡ್ಡನ್ನು ಕೊಕ್ಕಿನಿಂದ ತೆಗೆದು ಗರಿಗಳಿಗೆ ಸವರಿಕೊಳ್ಳುವ ಪಿಕಳಾರವನ್ನು ತೋರಿಸಬಹುದು. ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದ ಪಾಠವು ಇಷ್ಟು ನಿಲ್ಲದು.

ಆದರೆ ಹಿತ್ತಿಲೇ ಇಲ್ಲದಿದ್ದರೆ ಕಿಟಕಿಯಿಂದ ಪ್ರಯೋಜನವೇನು? 1898ರ ಪ್ಲೇಗಿನ ತರುವಾಯ ಮಲ್ಲೇಶ್ವರವೂ ಬಸವನಗುಡಿಯೂ ಬೆಳೆದುದು ಗಾಳಿ ಬೆಳಕುಗಳಿಗಾಗಿ. ಮನೆಯ ಸುತ್ತ ತೋಟ, ಹಿಂದೆ ಕನ್ಸರ್ವೆನ್ಸಿ ಓಣಿ. ಇಂದು ಆ ಮನೆಗಳು ಒಂದೊಂದಾಗಿ ಉರುಳಿ, ನಿವೇಶನದ ಅಂಚಿನವರೆಗೂ ಅಪಾರ್ಟ್‌ಮೆಂಟುಗಳೇಳುತ್ತಿವೆ. ಉಳಿದ ಅಂಗಳಕ್ಕೆ ಕಾರು ನಿಲ್ಲಿಸಲು ಸಿಮೆಂಟು ಬಳಿಯುತ್ತಿದ್ದಾರೆ. ಗಾಳಿಮಳೆಯಲ್ಲಿ ಸಣ್ಣ ಹಕ್ಕಿಗೆ ಬೇಕಾದುದು ದಟ್ಟವಾದ ಪೊದೆ. ಕುಂಡದಲ್ಲಿಟ್ಟ ಕ್ರೋಟನ್ ಅದಕ್ಕೆ ಆಸರೆಯಾಗದು.

ಇನ್ನೊಂದು ಮಾತು, ಇದು ಕೆಲವರಿಗೆ ರುಚಿಸದೆಂದು ಬಲ್ಲೆನು. ಹಕ್ಕಿಗಳ ಮೇಲಣ ಕರುಣೆಯಿಂದ ಮಹಡಿಯ ಮೇಲೆ ಜೋಳ, ಅಕ್ಕಿ ಚೆಲ್ಲುವವರು ನಮ್ಮ ಪೋಷಕರಲ್ಲಿ ಅನೇಕರಿದ್ದಾರೆ. ಅದರಿಂದ ಹೆಚ್ಚುವುವು ಪಾರಿವಾಳಗಳು ಮಾತ್ರ. ಸೂರಕ್ಕಿಯಾಗಲಿ ಉಲಿಯಕ್ಕಿಯಾಗಲಿ ಕಾಳನ್ನು ಮುಟ್ಟುವುದಿಲ್ಲ. ಒಣಗಿದ ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೇಡೆಂದು ವೈದ್ಯರು ಎಚ್ಚರಿಸುತ್ತಿರುವಾಗ, ಹಿಡಿ ಕಾಳಿಗಿಂತ ಒಂದು ಕರಿಬೇವಿನ ಗಿಡವನ್ನು ನೆಡುವುದೇ ಮೇಲು. ಅದರ ಹಣ್ಣಿಗೆ ಪಿಕಳಾರವೂ ಕೋಗಿಲೆಯೂ ಬರುವುವು, ಅಡುಗೆಮನೆಗೂ ನಷ್ಟವಿಲ್ಲ. ಜಾಗವಿದ್ದವರು ಗಸಗಸೆ ಹಣ್ಣಿನ ಮರವನ್ನು ಬೆಳೆಸಲಿ.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ, ಹದಿನೈದು ನಿಮಿಷವಾದರೂ ಕುಳಿತು ಹಿತ್ತಿಲ ಹಕ್ಕಿಗಳನ್ನು ಎಣಿಸುವ ಪದ್ಧತಿಯು ಅಮೆರಿಕದಲ್ಲಿ 1998ರಲ್ಲಿ ಮೊದಲಾಗಿ, 2013ರಿಂದ ನಮ್ಮ ದೇಶದಲ್ಲಿಯೂ ನಡೆಯುತ್ತಿದೆ. ಒಳ್ಳೆಯ ಕೆಲಸ. ಆದರೆ ಫೆಬ್ರವರಿಯ ಬಿಸಿಲಿನಲ್ಲಿ ಎಣಿಸುವವರು ಡಿಸೆಂಬರಿನ ಮಳೆಯಲ್ಲಿಯೂ ಒಮ್ಮೆ ಎಣಿಸಲೆಂದು ನನ್ನ ಬಯಕೆ. ಯಾವ ಹಕ್ಕಿ ಎಲ್ಲಿ ಅಡಗುವುದೆಂಬುದು ಆಗ ತಾನೇ ತಿಳಿಯುವುದು. ಪೂರ್ವ ವಿದ್ಯಾರ್ಥಿನಿಯರಾದ ನೀವು ನಿಮ್ಮ ನಿಮ್ಮ ಮನೆಗಳ ಪಟ್ಟಿಯನ್ನು ಬರೆದು ಕಳುಹಿಸಿದರೆ, ವಾಚನಾಲಯದ ಹಿಂಬದಿಯ ಕಿಟಕಿಯ ಬಳಿ ನಮ್ಮ ಹುಡುಗಿಯರಿಗಾಗಿ ಇರಿಸುವ ಪುಸ್ತಕಕ್ಕೆ ಅದನ್ನು ಸೇರಿಸುವೆವು. ದಿನಾಂಕ, ಹೊತ್ತು, ಮಳೆಯ ಸ್ಥಿತಿ ಇವನ್ನು ಮರೆಯದೆ ಬರೆಯಿರಿ.