ಅಂಕ ಪರಿಮಳಕ್ಕೋ, ಎಲೆಗೋ?

ಉಮ್ರಾ ಮುಗಿಸಿ ಕೊಲಂಬೊ ಮಾರ್ಗವಾಗಿ ಬಂದ ನೆಂಟರೊಬ್ಬರು ನನ್ನಿವಾಳದ ನಮ್ಮ ಮನೆಗೆ ಸಿಲೋನ್ ಚಹಾದ ಪೆಟ್ಟಿಗೆ ತಂದರು. ಸ್ಟ್ರಾಬೆರಿ, ವೆನಿಲಾ, ನಿಂಬೆ. ಕುಡಿದು ಹತ್ತಕ್ಕೆ ಅಂಕ ಕೊಡಿ ಎಂದರು. ಕೊಟ್ಟೆವು: ಸ್ಟ್ರಾಬೆರಿಗೆ 2 (ಥೇಟ್ ಕೆಮ್ಮಿನ ಸಿರಪ್ಪು), ವೆನಿಲಾಕ್ಕೆ 3, ನಿಂಬೆಗೆ 6.

ಆದರೆ ನಾವು ಅಳೆದದ್ದು ಏನನ್ನು? ರುಚಿ ನೋಡುವುದೇ ಕಸುಬಾದವರು 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಚಹಾ ಹಾಕಿ, 6 ನಿಮಿಷ ಬಿಟ್ಟು, ಎಲೆಯ ಗುಣ ಹೇಳುತ್ತಾರೆ. ನುವರ ಎಲಿಯದ ಎತ್ತರದ ಎಲೆಯೋ, ತಗ್ಗಿನದೋ ಅವರ ನಾಲಿಗೆಗೆ ಗೊತ್ತು. ಮೇಲೆ ಎಸೆನ್ಸ್ ಹಾಕಿದರೆ ಎಲೆ ಎಂಥದಾದರೂ ನಡೆದೀತು. ನಾವೂ ಶುಂಠಿ, ಏಲಕ್ಕಿ ಹಾಕುವುದಿಲ್ಲವೇ? ಹಾಕುತ್ತೇವೆ, ಕಣ್ಣೆದುರಿಗೇ ಕುಟ್ಟಿ.

ಎಲೆ ಮರೆಯಾದರೆ ಕಿತ್ತ ಕೈಯೂ ಮರೆಯಾಗುತ್ತದೆ. ಆ ತೋಟಗಳನ್ನು ಬೆಳೆಸಿದ್ದು ತಮಿಳು ಸೀಮೆಯಿಂದ ಹೋದ ಕೂಲಿಗಳು. 1948ರ ಪೌರತ್ವ ಕಾಯ್ದೆ ಅವರಲ್ಲಿ ಬಹುತೇಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಲಕ್ಷಾಂತರ ಮಂದಿಯನ್ನು ಇತ್ತ ಕಳಿಸಲಾಯಿತು. ಕೆಲವರು ನಮ್ಮದೇ ಸುಳ್ಯ, ಪುತ್ತೂರಿನ ರಬ್ಬರ್ ತೋಟ ಸೇರಿದರು. ಬರ ಬಂದಾಗ ಗುಳೆ ಹೋಗುವುದನ್ನು ಕಂಡ ಚಳ್ಳಕೆರೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಪೆಟ್ಟಿಗೆಯ ಮೇಲೆ ಹಣ್ಣಿನ ಚಿತ್ರವಿದೆ. ತೋಟದ ಹೆಸರಿಲ್ಲ, ಕಿತ್ತವರ ಕೂಲಿ ಎಷ್ಟೆಂದಿಲ್ಲ. ಅದನ್ನೂ ಅಚ್ಚು ಹಾಕಲಿ, ಆಮೇಲೆ ಅಂಕ ಕೇಳಲಿ. ನಿಂಬೆಯದು ಮಾತ್ರ, ಒಪ್ಪಿಕೊಳ್ಳುತ್ತೇವೆ, ಖಾಲಿಯಾಗಿದೆ.