ಜಿಪಿಎ ಮಾಡಿಸ್ಬಿಡಿ ಸಾರ್, ಎಲ್ಲಾ ಸರಿಹೋಗತ್ತೆ!

ಬರೆಯದೆ ಎರಡು ತಿಂಗಳಾಯ್ತು. ಆಫೀಸು, ಅಪ್ಪ, ಆಸ್ಪತ್ರೆ... ಇಷ್ಟರಲ್ಲೇ ದಿನ ಮುಗೀತಿದೆ. ಅಪ್ಪನಿಗೆ ಡಿಮೆನ್ಷಿಯಾ ಶುರುವಾಗಿದೆ ಅಂತ ಡಾಕ್ಟರು ಹೇಳಿದ್ದಾರೆ. ಇನ್ನೂ ಆರಂಭ ಅಷ್ಟೆ. ತಲಘಟ್ಟಪುರ ಮೆಟ್ರೋ ಸ್ಟೇಷನ್ನಿನಿಂದ ಒಬ್ಬರೇ ಮನೆಗೆ ಬರ್ತಾರೆ, ಬೆಳಿಗ್ಗೆ ಪೇಪರ್ ಓದ್ತಾರೆ. ಆದರೆ ಪೆನ್ಷನ್ ಬಂತಾ ಅಂತ ಒಂದೇ ದಿನ ನಾಲ್ಕು ಸಲ ಕೇಳ್ತಾರೆ. ಮುಂದೆ ಅವರ ಬ್ಯಾಂಕ್ ವ್ಯವಹಾರ, ಸೈಟಿನ ಕಾಗದಪತ್ರ ಯಾರು ನೋಡ್ಕೊಳ್ಳೋದು? ಒಬ್ಬ ವಕೀಲರು ಬೇಕು ಅಂತ ಹುಡುಕೋಕೆ ಹೊರಟೆ. ಆ ಹುಡುಕಾಟದ ಸಿಟ್ಟೇ ಈ ಬರಹ.

ನಮ್ಮ ಕನಕಪುರ ರಸ್ತೆಯಲ್ಲಿ ಸೈಟು ಕೊಡಿಸೋ ಬ್ರೋಕರುಗಳಿಗೆ ಬರವಿಲ್ಲ. ಪ್ರತಿಯೊಬ್ಬರಿಗೂ ಒಬ್ಬ 'ನಮ್ಮ ಲಾಯರ್ರು' ಇರ್ತಾರೆ. ಚಿಕ್ಕಪ್ಪ ಅಂಥವರೊಬ್ಬರ ಹತ್ತಿರ ಕಳಿಸಿದ್ರು. ಅಪ್ಪನ ಕಾಯಿಲೆ ಏನು, ಎಷ್ಟು ಮುಂದುವರೆದಿದೆ, ಒಂದನ್ನೂ ಅವರು ಕೇಳಲಿಲ್ಲ. "ಜಿಪಿಎ ಮಾಡಿಸ್ಬಿಡಿ ಸಾರ್, ಲೈಫ್ ಲಾಂಗ್ ಟೆನ್ಷನ್ ಇರಲ್ಲ" ಅಂದ್ರು. ಎರಡನೆಯವರದ್ದೂ ಅದೇ ಮಂತ್ರ. ಮೂರನೆಯವರು ಇನ್ನೊಂದು ಹೆಜ್ಜೆ ಮುಂದೆ: "ಮುಂದೆ ಸೈನ್ ಮಾಡೋಕೆ ಆಗ್ದಿದ್ರೆ ಹೆಬ್ಬೆಟ್ಟು ಒತ್ತಿಸಿ, ಯಾರು ಕೇಳ್ತಾರೆ?"

ಸ್ವಾಮೀ, 1872ರ ಕಾಂಟ್ರಾಕ್ಟ್ ಕಾಯ್ದೆಯ 201ನೇ ಸೆಕ್ಷನ್ ಮರೆತುಹೋಯ್ತಾ? ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೆ ಮುಗೀತು. ಅಂದ್ರೆ ಅಪ್ಪನಿಗೆ ತಿಳುವಳಿಕೆ ಇರೋವರೆಗೆ ಜಿಪಿಎ ನಡೆಯತ್ತೆ. ಅದು ನಿಜವಾಗ್ಲೂ ಬೇಕಾಗೋ ದಿನ ಕೈಕೊಡತ್ತೆ. ಮಳೆಯಲ್ಲಿ ಕರಗೋ ಛತ್ರಿ! ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯ ಪ್ರಕಾರ, ಬುದ್ಧಿ ಹೋದ ಮೇಲೂ ನಿಲ್ಲೋ ಅಧಿಕಾರಪತ್ರ ಮಾಡಿಸಬಹುದು. ನಮ್ಮಲ್ಲಿ ಅದಿಲ್ಲ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಇಂಥವರ ಆಸ್ತಿ ನೋಡ್ಕೊಳ್ಳೋಕೆ ಜಿಲ್ಲಾ ಕೋರ್ಟು ಮ್ಯಾನೇಜರನ್ನ ನೇಮಿಸೋ ದಾರಿಯಾದ್ರೂ ಇತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆಯಲ್ಲಿ ಆ ದಾರಿಯೂ ಹೋಯ್ತು. ಅದರಲ್ಲಿರೋ ನಾಮನಿರ್ದೇಶಿತ ಪ್ರತಿನಿಧಿ ಚಿಕಿತ್ಸೆಯ ವಿಷಯಕ್ಕೆ ಮಾತ್ರ, ಆಸ್ತಿಗಲ್ಲ. ಕೋಮಾದಲ್ಲಿರೋರಿಗೆ ಪಾಲಕರನ್ನ ನೇಮಿಸೋಕೆ ಸರಿಯಾದ ಕಾನೂನಿಲ್ಲ ಅಂತ ಕೇರಳ ಹೈಕೋರ್ಟು 2019ರಲ್ಲಿ ತಾನೇ ಮಾರ್ಗಸೂಚಿ ಹಾಕಬೇಕಾಯ್ತು. ಇಷ್ಟೆಲ್ಲಾ ತೊಡಕಿರೋ ವಿಷಯಕ್ಕೆ ಈ ಮಹಾಶಯರ ಹತ್ತಿರ ಎರಡೇ ನಿಮಿಷದ ಉತ್ತರ!

ಬರೀ ವಕೀಲರನ್ನ ಬೈದು ಏನು ಪ್ರಯೋಜನ? ಬಾರ್ ಕೌನ್ಸಿಲ್‌ನ 36ನೇ ನಿಯಮದ ಪ್ರಕಾರ ಅವರು ಜಾಹೀರಾತು ಕೊಡೋ ಹಾಗಿಲ್ಲ. ಒಳ್ಳೆಯವರನ್ನ ನಾವೇ ಹುಡುಕಬೇಕು. ಮೊಬೈಲು ಕೊಳ್ಳೋಕೆ ಇಪ್ಪತ್ತು ರಿವ್ಯೂ ಓದೋ ನಾವು, ಅಪ್ಪನ ಬದುಕಿನ ಪ್ರಶ್ನೆಗೆ ಸೈಟ್ ಬ್ರೋಕರ್ ಮಾತು ಕೇಳ್ತೀವಿ. ನಾನೂ ಅದನ್ನೇ ಮಾಡಿದ್ದು.

ಕೊನೆಗೆ ದಾರಿ ತೋರಿಸಿದ್ದು ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬ ಆಂಟಿ. ಅವರ ಯಜಮಾನರಿಗೂ ಇದೇ ಕಾಯಿಲೆ. ಅವರು ಹೇಳಿದ ವಕೀಲರು ಜಯನಗರದ ಕಡೆ. ಅಪ್ಪನನ್ನ ಕರ್ಕೊಂಡು ಹೋದೆ. ಆ ಮೇಡಂ ಮೊದಲು ಹೇಳಿದ್ದು, "ನೀವು ಹೊರಗೆ ಕೂತಿರಿ. ನಾನು ನಿಮ್ಮ ತಂದೆಯವರ ಜೊತೆ ಮಾತಾಡ್ಬೇಕು."

ಉರಿದುಹೋಯ್ತು ನನಗೆ. ಫೀಸು ಕೊಡೋನು ನಾನು, ರಜೆ ಹಾಕಿ ಬಂದೋನು ನಾನು! ನಲವತ್ತು ನಿಮಿಷ ಆದ ಮೇಲೆ ಒಳಗೆ ಕರೆದು, "ನನ್ನ ಕಕ್ಷಿದಾರರು ಅವರು, ನೀವಲ್ಲ" ಅಂದ್ರು. ಆಮೇಲೆ ಹೇಳಿದ್ದು ಇಷ್ಟು: ಅವರಿಗೆ ಇವತ್ತು ಎಲ್ಲಾ ಅರ್ಥವಾಗತ್ತೆ ಅಂತ ಡಾಕ್ಟರಿಂದ ಬರೆಸಿಕೊಳ್ಳಿ. ವಿಲ್ ರಿಜಿಸ್ಟರ್ ಮಾಡಿಸಿ. ಬ್ಯಾಂಕಿನಲ್ಲಿ ಅಮ್ಮನ ಹೆಸರು ಸೇರಿಸಿ. ಜಿಪಿಎ ಬೇಕಾದ್ರೆ ಮಾಡಿಸಿ, ಆದರೆ ಅದು ಯಾವತ್ತು ಸಾಯತ್ತೆ ಅನ್ನೋದು ನೆನಪಿರಲಿ. ಅದಾದ ಮೇಲೆ ಹೆಬ್ಬೆಟ್ಟಿನ ಮಾತೆತ್ತಿದ್ರೆ ಬೇರೆ ವಕೀಲರನ್ನ ನೋಡ್ಕೊಳ್ಳಿ.

ವಾಪಸ್ ಬರುವಾಗ ಮೆಟ್ರೋದಲ್ಲಿ ಅಪ್ಪ ತಾವಾಗೇ ಹೇಳಿದ್ರು, "ಸೈಟು ನಿನ್ನ ಅಮ್ಮನಿಗೆ ಇರಲಿ ಅಂದೆ ಕಣೋ. ಇಷ್ಟು ದಿನ ಯಾರೂ ನನ್ನ ಕೇಳಿರಲಿಲ್ಲ."

ಹೌದು, ನಾನೂ ಕೇಳಿರಲಿಲ್ಲ. 'ಅಪ್ಪನ ಆಸ್ತಿಗೆ ಏನು ಮಾಡೋದು' ಅಂತ ಮೂರು ವಕೀಲರನ್ನ ಕೇಳಿದ್ದೆ. ಅಪ್ಪನಿಗೆ ಏನು ಬೇಕು ಅಂತ ಅಪ್ಪನನ್ನ ಮಾತ್ರ ಬಿಟ್ಟಿದ್ದೆ.

ಮಿತ್ರರೇ, ನಿಮ್ಮ ಮನೆಯಲ್ಲೂ ಯಾರಿಗಾದ್ರೂ ಮರೆವು ಶುರುವಾಗಿದ್ರೆ ತಡ ಮಾಡಬೇಡಿ. ಅವರು ಇನ್ನೂ 'ಬೇಡ' ಅನ್ನೋಕೆ ಶಕ್ತರಿರುವಾಗಲೇ ವಕೀಲರನ್ನ ಹುಡುಕಿ. "ಬುದ್ಧಿ ಹೋದ ಮೇಲೂ ಜಿಪಿಎ ನಡೆಯತ್ತಾ?" ಅಂತ ಕೇಳಿ. "ನಡೆಯತ್ತೆ" ಅಂದ್ರೆ ಎದ್ದು ಬನ್ನಿ. ನಿಮ್ಮನ್ನ ಹೊರಗೆ ಕೂರಿಸಿದ್ರೆ ಮಾತ್ರ ಸಿಟ್ಟಾಗಬೇಡಿ, ಅಲ್ಲೇ ಕೂತಿರಿ :) ಫೀಸಿಗೆ ದುಡ್ಡಿಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ನೆರವು ಕೊಡಬೇಕು. ಮನೆಯ ಅಮ್ಮಂದಿರಿಗೆ ಇದು ಗೊತ್ತಿರಲಿ.

ಏನಂತೀರಿ? ನಿಮಗೆ ಇಂಥ ವಕೀಲರು ಸಿಕ್ಕಿದ್ದು ಹೇಗೆ, ಬರೀರಿ.