ಭಟ್ಟರನ್ನು ಬಿಟ್ಟರು, ಜಾತಿಯನ್ನು ಬಿಟ್ಟರಾ?

ಏಪ್ರಿಲ್ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮದುವೆಯ ಸುಗ್ಗಿ. ಅಡಿಕೆ ಕೊಯ್ಲು ಮುಗಿದಿರುತ್ತದೆ, ಮಳೆ ಹಿಡಿಯಲು ಇನ್ನೂ ತಿಂಗಳೊಂದೂವರೆ ಇರುತ್ತದೆ, ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಇದು ಹಳೇ ಲೆಕ್ಕ. ಈಗ ಹೊಸದೊಂದು ಸೇರಿಕೊಂಡಿದೆ. ಬೆಂಗಳೂರಿನಲ್ಲಿ ದೊಡ್ಡ ಸಂಬಳದ ಹುಡುಗ ಹುಡುಗಿ ಛತ್ರ ಬೇಡ ಅನ್ನುತ್ತಾರೆ. ಅವರಿಗೆ ಹಳ್ಳಿ ಬೇಕು. ಶರಾವತಿ ಹಿನ್ನೀರ ದಂಡೆಯ ಹೋಂಸ್ಟೇ, ಸೋಗೆ ಚಪ್ಪರ, ಬಾಳೆ ಎಲೆ ಊಟ, ಕೈಬರಹದ ಕರೆಯೋಲೆ, ಬಂದವರಿಗೆಲ್ಲ ಒಂದೊಂದು ಗಿಡ. ಇದಕ್ಕೆ ಅವರು ಇಟ್ಟಿರುವ ಹೆಸರು ಪರ್ಸನಲ್ ಟಚ್.

ಟಚ್ ಅಂದರೆ ಮುಟ್ಟುವುದು. ಮುಟ್ಟುವ ಮಾತು ಬಂದಾಗ ನಮ್ಮಂಥವರ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಈ ಮದುವೆಯನ್ನು ಯಾರ್ಯಾರು ಮುಟ್ಟಿದ್ದಾರೆ, ಯಾವುದನ್ನು ಎಲ್ಲಿಯವರೆಗೆ ಮುಟ್ಟಲು ಬಿಟ್ಟಿದ್ದಾರೆ, ಅದನ್ನು ಸ್ವಲ್ಪ ನೋಡೋಣ ಗೆಳೆಯರೇ.

ಚಪ್ಪರದ ಗೂಟ ಹೂಳುವ ಕೈ ನಮ್ಮದು. ಮಧುಮಕ್ಕಳು ಕೂರುವ ಹಿಂಬದಿಗೆ ಹಸೆ ಚಿತ್ತಾರ ಇರುತ್ತದಲ್ಲ, ಅದು ದೀವರ ಹೆಂಗಸರ ವಿದ್ಯೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಅದ್ದಿ, ಪುಂಡಿನಾರಿನ ಕುಂಚದಲ್ಲಿ ಕೂದಲೆಳೆಯಂಥ ಗೆರೆ ಎಳೆಯುತ್ತಾರೆ. ತಮ್ಮ ಮನೆಯ ಮದುವೆಗೆಂದು, ಹಾಡಿಕೊಂಡು ಬರೆಯುತ್ತಿದ್ದ ಗೆರೆ ಅದು. ಇವತ್ತು ಫ್ಲೆಕ್ಸ್ ಮೇಲೆ ಅಚ್ಚಾಗಿ ಯಾರದೋ ಫೋಟೋಕ್ಕೆ ಪರದೆಯಾಗಿದೆ. ಇದೇ ದೀವರು ಗೇಣಿದಾರರಾಗಿ, ಅಳೆಯುವ ಕೊಳಗದ ಮೋಸದ ವಿರುದ್ಧ 1951ರ ಏಪ್ರಿಲ್‌ನಲ್ಲಿ ಕಾಗೋಡಿನ ಗದ್ದೆಗಿಳಿದು ಜೈಲು ಕಂಡವರು. ಅದೂ ಬೇಸಿಗೆಯೇ. ಆ ಬೇಸಿಗೆಯನ್ನು ಯಾವ ಕರೆಯೋಲೆಯೂ ನೆನೆಯುವುದಿಲ್ಲ.

ಇನ್ನು ಆ ಹಿನ್ನೀರು. 1964ರ ಲಿಂಗನಮಕ್ಕಿ ಕಟ್ಟೆಗೆ ಮುಳುಗಿದ ಊರುಗಳ ಮೇಲೆ ನಿಂತ ನೀರು ಅದು. ಬೇಸಿಗೆಯಲ್ಲಿ ನೀರಿಳಿದಾಗ ಹಳೇ ಮಡೆನೂರು ಅಣೆಕಟ್ಟು ತಲೆ ಎತ್ತುತ್ತದೆ, ಕ್ಯಾಮರಾದವರು ಓಡುತ್ತಾರೆ. ಹೊಳೆಬಾಗಿಲಿನ ಲಾಂಚಿಗಾಗಿ ದಿನಗಟ್ಟಲೆ ಕಾದು, ಹೆರಿಗೆ ನೋವಿನ ಹೆಂಗಸರನ್ನು ದಡದಲ್ಲಿ ಕೂರಿಸಿಕೊಂಡ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅರವತ್ತು ವರ್ಷ! ಸೇತುವೆ ಬಂದದ್ದು ಒಳ್ಳೆಯದೇ. ಅದರ ಮೇಲೆ ಮೊದಲು ಮದುವೆ ದಿಬ್ಬಣದ ಕಾರುಗಳೇ ಕಣ್ಣಿಗೆ ಬೀಳುವುದು ಮಾತ್ರ ನನಗೆ ಒಂಥರಾ ಆಗುತ್ತದೆ.

ಡಿಗ್ರಿ ಎರಡನೇ ವರ್ಷದ ರಜೆಯಲ್ಲಿ ನಾನೂ ಇಂಥದೊಂದು ಮದುವೆಗೆ ಕೂಲಿಗೆ ಹೋಗಿದ್ದೆ. ಅಡುಗೆಯ ಮೇಸ್ತ್ರಿ ನನ್ನ ಹೆಸರು ಕೇಳಿದ, ಊರು ಕೇಳಿದ, ಕೇರಿ ಯಾವುದು ಅಂತ ಕೇಳಿದ. ಆಮೇಲೆ ಬಡಿಸುವ ಬಕೆಟ್ಟು ಇನ್ನೊಬ್ಬನ ಕೈಗೆ ಹೋಯಿತು, ಎಂಜಲೆಲೆ ಎತ್ತುವುದು ನನ್ನ ಪಾಲಿಗೆ ಬಂತು. ವೇದಿಕೆಯ ಮೇಲೆ ಆಗ ಕುವೆಂಪು ಭಾವಗೀತೆ. ಭಟ್ಟರಿಲ್ಲ, ಹೋಮವಿಲ್ಲ, ಮಂತ್ರಮಾಂಗಲ್ಯ. ರಾತ್ರಿ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ.

"ಹುಡುಗಿ ಯಾರ ಪೈಕಿಯಂತೆ?"

"ಅವರದ್ದೇ ಜಾತಿ ಅವ್ವ."

"ಮತ್ತೆಂತಕ್ಕೆ ಅಷ್ಟೆಲ್ಲ ಭಾಷಣ?"

ಶಾಲೆಯ ಮೆಟ್ಟಿಲು ಹತ್ತದ ಅವ್ವನ ಈ ಪ್ರಶ್ನೆಗೆ ಕನ್ನಡ ಎಂ.ಎ. ಓದಿದವರು ಉತ್ತರ ಕೊಡಲಿ.

ಮಂತ್ರಮಾಂಗಲ್ಯ ಹುಟ್ಟಿದ್ದು ಖರ್ಚು ಉಳಿಸುವುದಕ್ಕೆ ಮಾತ್ರವೇನು? ಕುವೆಂಪು ಅದನ್ನು ರೂಪಿಸಿ 1966ರ ನವೆಂಬರಿನಲ್ಲಿ ಮಗ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಆ ರೀತಿಯಲ್ಲಿ ಮಾಡಿದರು. ಪುರೋಹಿತಶಾಹಿಯ ಕೈಯಿಂದ ಮದುವೆಯನ್ನು ಬಿಡಿಸುವುದು, ವರದಕ್ಷಿಣೆ ಬಿಡುವುದು, ಜಾತಿಯ ಸಂಕೋಲೆಯಿಂದ ಗಂಡು ಹೆಣ್ಣು ಹೊರಬರುವುದು, ಇವೆಲ್ಲ ಒಂದೇ ಗಂಟಿನಲ್ಲಿದ್ದವು. (ಅದರೊಳಗಿನ ವೇದದ ಮಾತುಗಳ ಬಗ್ಗೆ ನನಗೆ ತಕರಾರಿದೆ, ಅದನ್ನು ಬೇರೆ ಸಂಚಿಕೆಗೆ ಇಟ್ಟುಕೊಳ್ಳುತ್ತೇನೆ.) ಈಗಿನವರು ಗಂಟು ಬಿಚ್ಚಿ ತಮಗೆ ಹಗುರವಾದದ್ದನ್ನು ಮಾತ್ರ ಎತ್ತಿಕೊಂಡಿದ್ದಾರೆ. ಜಾತಕ ಮನೆಯೊಳಗೆ ಗುಟ್ಟಾಗಿ ಕೂಡಿಸುತ್ತಾರೆ, ಉಪಜಾತಿ ತಾಳೆ ನೋಡುತ್ತಾರೆ, ಎಲ್ಲ ಸರಿಹೋದ ಮೇಲೆ ಕುಪ್ಪಳಿಯ ಹಾದಿ ಹಿಡಿದು ಜಾತಿಯಿಂದ ಮುಕ್ತರಾದೆವು ಅಂತ ಪ್ರಮಾಣ ಓದುತ್ತಾರೆ. ಯಾವ ಜಾತಿಯಿಂದ ಸ್ವಾಮಿ? ಅದು ನಿಮ್ಮ ಪಕ್ಕದಲ್ಲೇ ಹಾರ ಹಾಕಿಕೊಂಡು ಕೂತಿದೆಯಲ್ಲ!

ಬಾಬಾಸಾಹೇಬರು 1916ರಲ್ಲಿ, ಇಪ್ಪತ್ತೈದರ ಹುಡುಗ, ಕೊಲಂಬಿಯಾದಲ್ಲಿ ಓದುತ್ತಿದ್ದಾಗಲೇ ಹೇಳಿದ್ದರು: ತನ್ನೊಳಗೇ ಮದುವೆಯಾಗುವುದೇ ಜಾತಿಯ ಜೀವನಾಡಿ. 1936ರ 'ಜಾತಿ ವಿನಾಶ'ದಲ್ಲಿ ಇನ್ನೂ ಬಿಡಿಸಿ ಹೇಳಿದರು. ಜೊತೆಗೂತು ಉಂಡರೆ ಜಾತಿ ಸಾಯುವುದಿಲ್ಲ, ರಕ್ತ ಬೆರೆಯಬೇಕು ಎಂದರು. ನಮ್ಮ ನೆಲಕ್ಕೆ ಅದು ಅದಕ್ಕೂ ಮೊದಲೇ ಗೊತ್ತಿತ್ತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದು, ಅದಕ್ಕೆ ಅಪ್ಪಂದಿರನ್ನು ಎಳೆಹೂಟೆ ಕಟ್ಟಿಸಿ ಕೊಂದರೆಂದು ಶರಣರ ಕಥನ ಹೇಳುತ್ತದೆ. ಭಟ್ಟರಿಲ್ಲದ ಮದುವೆಗೆ ಯಾರೂ ಆನೆ ತರುವುದಿಲ್ಲ. ಜಾತಿ ದಾಟಿದ ಮದುವೆಗೆ ತರುತ್ತಾರೆ.

ಹಳೇ ಕತೆ ಅನ್ನಬೇಡಿ. ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ 2019ರ ನವೆಂಬರಿನಲ್ಲಿ ಮಾದಿಗರ ಹುಡುಗ, ಲಂಬಾಣಿ ಹುಡುಗಿ, ಇಬ್ಬರನ್ನೂ ಕಲ್ಲು ಹೊಡೆದು ಕೊಂದರು. ಮದುವೆಯಾಗಿ ವರ್ಷಗಳಾಗಿದ್ದವು, ಹಬ್ಬಕ್ಕೆಂದು ಊರಿಗೆ ಬಂದಿದ್ದರು. ಇಬ್ಬರೂ ಪರಿಶಿಷ್ಟ ಜಾತಿಯ ಪಟ್ಟಿಯವರೇ. ಅಂದರೆ ಈ ರೋಗ ನಮ್ಮ ಕೇರಿಯೊಳಗೂ ಇದೆ, ಬಚ್ಚಿಟ್ಟು ಪ್ರಯೋಜನವಿಲ್ಲ. 2025ರ ಜನವರಿಯಲ್ಲಿ ಗದಗದ ಕೋರ್ಟು ನಾಲ್ವರಿಗೆ ಗಲ್ಲು ವಿಧಿಸಿತು.

ಜಾತಿ ದಾಟಿದ ಮಕ್ಕಳ ಕರೆಯೋಲೆ ಹೇಗಿರುತ್ತದೆ ನೋಡಿದ್ದೀರಾ? 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಅರ್ಜಿ ಕೊಟ್ಟರೆ ಹುಡುಗ ಹುಡುಗಿಯ ಹೆಸರು, ವಿಳಾಸ ಕಚೇರಿಯ ಗೋಡೆಗೆ ಅಂಟುತ್ತದೆ. ಮೂವತ್ತು ದಿನ. ಆಕ್ಷೇಪ ಇದ್ದವರು ಬನ್ನಿ ಅಂತ ಸರ್ಕಾರವೇ ಊರಿಗೆಲ್ಲ ಕರೆ ಕೊಟ್ಟ ಹಾಗೆ. ಚಾಡಿ ಹೇಳುವವನಿಗೆ ಒಂದು ಗಂಟೆ ಸಾಕು, ದೊಣ್ಣೆ ಹಿಡಿದವರಿಗೆ ಒಂದು ರಾತ್ರಿ.

ಹಿಂದೂ ವಿವಾಹ ಕಾಯಿದೆಯ ದಾರಿಯಾದರೂ ಸಲೀಸೇ? 2024ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಏಳನೇ ಕಲಮಿನಂತೆ ವಿಧಿಗಳು ನಡೆಯದಿದ್ದರೆ ಬರೀ ನೋಂದಣಿ ಪತ್ರದಿಂದ ಹಿಂದೂ ಮದುವೆ ಆಗುವುದಿಲ್ಲ. ಮಂತ್ರಮಾಂಗಲ್ಯಕ್ಕೆ ಆ ಕಾಯಿದೆಯಲ್ಲಿ ಹೆಸರು ಹಿಡಿದ ಕಲಮು ಇಲ್ಲ. ಪಕ್ಕದ ತಮಿಳುನಾಡನ್ನು ನೋಡಿ. ಪೆರಿಯಾರ್ ಹುಟ್ಟುಹಾಕಿದ ಸ್ವಾಭಿಮಾನದ ಮದುವೆಗೆ 1967ರಲ್ಲಿ ಅಣ್ಣಾದುರೈ ಸರ್ಕಾರ ಕಾಯಿದೆಗೆ 7-ಎ ಸೇರಿಸಿ ಮಾನ್ಯತೆ ಕೊಟ್ಟಿತು. ಗೆಳೆಯರ, ನೆಂಟರ ಎದುರು ಹಾರ ಬದಲಿಸಿದರೆ ಸಾಕು, ಉಂಗುರ ತೊಡಿಸಿದರೆ ಸಾಕು, ಪುರೋಹಿತ ಬೇಡ. ನಮ್ಮಲ್ಲಿ ರಾಷ್ಟ್ರಕವಿ ಅಂತ ಬಿರುದು ಕೊಟ್ಟರು, ಕುಪ್ಪಳಿಯ ಮನೆಯನ್ನು ಸ್ಮಾರಕ ಮಾಡಿದರು, ಹಾಡನ್ನು ನಾಡಗೀತೆ ಮಾಡಿದರು. ಅವರು ಕೊಟ್ಟ ಮದುವೆಗೆ ಕಾನೂನಿನಲ್ಲಿ ಒಂದು ಸಾಲು ಸೇರಿಸಲು ವಿಧಾನಸಭೆಯಲ್ಲಿ ಕೂತ ಯಾರಿಗೂ ಪುರುಸೊತ್ತಾಗಿಲ್ಲ. ಆ ಸಾಲನ್ನು ನಾವು ಕೇಳಬೇಕು. ತಾಲ್ಲೂಕು ಕಚೇರಿಯೆದುರು ಕೂತು ಕೇಳಬೇಕು. ಗೋಡೆಯ ಮೇಲಿನ ಆ ಮೂವತ್ತು ದಿನದ ನೋಟೀಸು ಕಿತ್ತುಹೋಗಬೇಕು ಅಂತಲೂ ಕೇಳಬೇಕು.

ಅಲ್ಲಿಯವರೆಗೆ? ವಿಶೇಷ ವಿವಾಹಕ್ಕೆ ಮೂವರು ಸಾಕ್ಷಿ ಬೇಕು. ಓಡಿಬಂದ ಮಕ್ಕಳಿಗೆ ಹೂವು ಸಿಗುತ್ತದೆ, ಸಾಕ್ಷಿ ಸಿಗುವುದಿಲ್ಲ. ನೆಂಟರು ಬರುವುದಿಲ್ಲ, ಗೆಳೆಯರು ಹಿಂದೆಮುಂದೆ ನೋಡುತ್ತಾರೆ. ಇದನ್ನು ಓದುತ್ತಿರುವ ಮೇಷ್ಟ್ರುಗಳೇ, ಮೇಡಂಗಳೇ, ಏಪ್ರಿಲ್ ಮೇ ನಿಮಗೆ ರಜೆ. ಗುರುತಿನ ಚೀಟಿ ಜೇಬಲ್ಲಿರುತ್ತದೆ. ಯಾವ ತಾಲ್ಲೂಕಿನಲ್ಲಿ ಯಾರು ಬರಲು ತಯಾರಿದ್ದೀರಿ ಅಂತ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ.